ಚೌಕಾಬಾರದಿಂದ ಶೂಟರ್‌ವರೆಗೆ: ಗೇಮ್ ಸ್ಕ್ರೀನ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ಗೆಳೆಯರು ಸೇರಿ ಮೊಬೈಲ್‌ಗೆ ನಾಲ್ಕು ಜನರ ಆನ್‌ಲೈನ್ ಚೌಕಾಬಾರ ಮಾಡಿದ್ದೇವೆ. ಹಾಸನ ಪೇಟೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಇಲ್ಲಿ ತೋಟದ ಮನೆಗಳಲ್ಲಿ ಆಡುವವರು ಮಾತ್ರ "ಕವಡೆ ಬಟನ್ ಹಿಡಿಯಲ್ಲ, ಹಿಡಿದರೆ ಎರಡೆರಡು ಸಲ ಬೀಳುತ್ತೆ" ಅಂತಾರೆ. ಏನು ಮಾಡೋಣ?
— ಸಕಲೇಶಪುರದ ಓದುಗರು

ಉತ್ತರ: ಬಟನ್ ಒತ್ತಿದ 0.1 ಸೆಕೆಂಡಿನೊಳಗೆ ಸ್ಕ್ರೀನ್ ಮೇಲೆ ಏನೂ ಅಲ್ಲಾಡದಿದ್ದರೆ ಯಾರಾದರೂ ಇನ್ನೊಮ್ಮೆ ಒತ್ತುತ್ತಾರೆ. ಸಿಗ್ನಲ್ ಕಡಿಮೆ ಇರುವಲ್ಲಿ ಸರ್ವರ್ ಉತ್ತರ ಬರಲು ಒಂದು ಸೆಕೆಂಡ್ ಹಿಡಿಯಬಹುದು. ನಿಮ್ಮ ಆಟ ಬಹುಶಃ ಆ ಉತ್ತರ ಬಂದ ಮೇಲಷ್ಟೇ ಕವಡೆ ಉರುಳಿಸುತ್ತಿದೆ.

ಬೆರಳು ತಾಗಿದ ಕೂಡಲೇ ಬಟನ್ ಮಂಕಾಗಲಿ, ಕವಡೆ ಅಂಗೈಯಲ್ಲಿ ಕುಲುಕಾಡತೊಡಗಲಿ. ಎಷ್ಟು ಬಿತ್ತು ಎಂಬುದನ್ನು ಮಾತ್ರ ಸರ್ವರ್ ಹೇಳಬೇಕು. ಅದನ್ನು ಫೋನೇ ತೀರ್ಮಾನಿಸಿದರೆ ಬೇಕೆಂದಾಗಲೆಲ್ಲ ಎಂಟು ಹಾಕಿಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ. ಉತ್ತರ ಬೇಗ ಬಂದರೂ ಕುಲುಕಾಟ ಅರ್ಧ ಸೆಕೆಂಡಾದರೂ ಇರಲಿ. ಇಲ್ಲದಿದ್ದರೆ ಒಮ್ಮೆ ಫಕ್ಕನೆ, ಒಮ್ಮೆ ನಿಧಾನ ಬಿದ್ದಂತಾಗಿ ಆಟದಲ್ಲೇ ಮೋಸವಿದೆ ಎಂಬ ಅನುಮಾನ ಶುರುವಾಗುತ್ತದೆ. ಎರಡು ಸೆಕೆಂಡ್ ಮೀರಿದರೆ "ಸಿಗ್ನಲ್‌ಗೆ ಕಾಯುತ್ತಿದೆ" ಎಂಬ ಸಣ್ಣ ಪಟ್ಟಿ, ಐದು ಮೀರಿದರೆ "ಮತ್ತೆ ಸೇರಿಸುತ್ತಿದ್ದೇವೆ". ಬೋರ್ಡ್ ಮುಚ್ಚುವ ದೊಡ್ಡ ಪೆಟ್ಟಿಗೆ ಬೇಡವೇ ಬೇಡ. ಕಾಯುವ ಹೊತ್ತಿನಲ್ಲೂ ಜನ ಕಾಯಿ ನೋಡಿ ಲೆಕ್ಕ ಹಾಕುತ್ತಿರುತ್ತಾರೆ.

ಎರಡು ಸಲ ಬೀಳುವುದು ಸರ್ವರ್ ಕಡೆಯ ತಪ್ಪು. ಪ್ರತಿ ಎಸೆತಕ್ಕೂ ಫೋನಿನಿಂದಲೇ ಒಂದು ಕ್ರಮಸಂಖ್ಯೆ ಕಳಿಸಿ. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸದಾಗಿ ಕವಡೆ ಹಾಕದೆ ಹಳೆಯ ಉತ್ತರವನ್ನೇ ಕೊಡಲಿ. ಒಂದೇ ಸರದಿಯೊಳಗೆ, ನಾಲ್ಕೋ ಎಂಟೋ ಬಿದ್ದು ಇನ್ನೊಂದು ಆಟ ಸಿಕ್ಕಾಗ ಮಾತ್ರ ಸಂಖ್ಯೆ ಒಂದು ಹೆಚ್ಚಲಿ, ಬಟನ್ ಮತ್ತೆ ಬೆಳಗಲಿ.

ವೈಫೈ ಹೋಗಿ ಮೊಬೈಲ್ ಡೇಟಾಕ್ಕೆ ಬದಲಾದಾಗ ಫೋನಿನ ಐಪಿ ವಿಳಾಸವೂ (ಇಂಟರ್ನೆಟ್‌ನಲ್ಲಿ ಅದರ ಗುರುತಿನ ಸಂಖ್ಯೆ) ಬದಲಾಗುತ್ತದೆ. ಕರೆಂಟ್ ಹೋಗಿ ರೂಟರ್ ಆರಿದರೆ ಆಗುವುದು ಇದೇ. ಮಳೆಗಾಲದಲ್ಲಿ ನಿಮ್ಮ ಕಡೆ ಹೇಳಬೇಕಾಗಿಲ್ಲ. ಆಟಗಾರರನ್ನು ವಿಳಾಸದಿಂದ ಗುರುತಿಸುತ್ತಿದ್ದರೆ ಅವರು ಹೊರಬಿದ್ದ ಹಾಗೆಯೇ. ಆಟಕ್ಕೆ ಸೇರುವಾಗ ಗುರುತಿನ ಚೀಟಿಯಂಥ ಒಂದು ಟೋಕನ್ ಕೊಟ್ಟು ಅದರಿಂದ ಗುರುತಿಸಿ, ಜಾಗವನ್ನು 60 ಸೆಕೆಂಡ್ ಕಾಯ್ದಿರಿಸಿ. ಉಳಿದ ಮೂವರಿಗೆ ಅವರ ಹೆಸರಿನ ಪಕ್ಕ ಕಡಿದ ಸಿಗ್ನಲ್ ಗುರುತು, ಇಳಿಯುವ ಎಣಿಕೆ ಕಾಣಲಿ. ಎಣಿಕೆ ಸರ್ವರ್ ಕಳಿಸಿದ "ಉಳಿದ ಸಮಯ"ದಿಂದಲೇ ನಡೆಯಬೇಕು. ಫೋನಿನ ಗಡಿಯಾರ ನಂಬಿದರೆ ಒಬ್ಬರಿಗೆ ಹತ್ತು, ಇನ್ನೊಬ್ಬರಿಗೆ ಹದಿನೈದು ಕಾಣುತ್ತದೆ. ಮರಳಿ ಬಂದವರಿಗೆ ನಡೆದದ್ದನ್ನೆಲ್ಲ ಮತ್ತೆ ಓಡಿಸಿ ತೋರಿಸಬೇಡಿ. ಈಗಿನ ಬೋರ್ಡ್ ಕೊಟ್ಟು, ಕೊನೆಯ ನಡೆಯ ಎರಡು ಮನೆಗಳನ್ನು ಹೊಳೆಯಿಸಿದರೆ ಸಾಕು.

ಸರ್ವರ್ ಉತ್ತರ ಎಷ್ಟು ತಡವೆಂದು ಮೂಲೆಯಲ್ಲಿ ಸದಾ ಕುಣಿಯುವ ಮಿಲಿಸೆಕೆಂಡ್ ಅಂಕಿ ಚೌಕಾಬಾರಕ್ಕೆ ಬೇಕಿಲ್ಲ. 300 ಆದರೂ ಸರದಿ ಆಟಕ್ಕೆ ತೊಂದರೆಯಿಲ್ಲ, ಸುಮ್ಮನೆ ಹೆದರಿಕೆ. ಪರೀಕ್ಷೆ ಮಾಡಲು ಬೆಟ್ಟ ಹತ್ತಬೇಕಿಲ್ಲ. ಲಿನಕ್ಸ್ ಲ್ಯಾಪ್‌ಟಾಪನ್ನು ಹಾಟ್‌ಸ್ಪಾಟ್ ಮಾಡಿ, ನೆಟ್‌ವರ್ಕನ್ನು ಬೇಕೆಂದೇ ಕೆಡಿಸಿ ನೋಡುವ ನೆಟೆಮ್ ಎಂಬ ಸಾಧನದಲ್ಲಿ 400 ಮಿಲಿಸೆಕೆಂಡ್ ತಡ, 5% ಪ್ಯಾಕೆಟ್ (ಮಾಹಿತಿಯ ತುಣುಕು) ನಷ್ಟ ಕೊಟ್ಟು ಆಡಿ ನೋಡಿ.

ಪ್ರಶ್ನೆ: ಗೇಮ್ ತಯಾರಿಸುವ ಯೂನಿಟಿ ತಂತ್ರಾಂಶದಲ್ಲಿ ನಮ್ಮ ಕಬಡ್ಡಿ ಗೇಮ್‌ನ ಕನ್ನಡ ಅಕ್ಷರ ಒಡೆಯುತ್ತಿದೆ. ಫಾಂಟ್ ಬದಲಿಸಿದರೂ ಅಷ್ಟೇ.
— ಹಾಸನದ ಓದುಗರು

ಉತ್ತರ: ಎಷ್ಟು ಫಾಂಟ್ ಬದಲಿಸಿದರೂ ಆಗುವುದಿಲ್ಲ. ಒತ್ತಕ್ಷರವನ್ನು ಕೆಳಗೆ ಕೂರಿಸುವ ನಿಯಮಗಳು ಫಾಂಟ್ ಒಳಗೇ ಇರುತ್ತವೆ; ಅವನ್ನು ಓದಿ, ಅರ್ಕಾವತ್ತನ್ನು ಮುಂದಕ್ಕೆ ತಳ್ಳುವುದು ಬರಹ ಮೂಡಿಸುವ ತಂತ್ರಾಂಶದ ಕೆಲಸ. ಯೂನಿಟಿಯಲ್ಲಿ ಬರಹ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊ ಇದನ್ನು ಪೂರ್ತಿಯಾಗಿ ಮಾಡುವುದಿಲ್ಲ. ಹಾಗಾಗಿ "ಗೆದ್ದರು" ಎಂಬುದು "ಗೆದ್‌ದರು" ಆಗುತ್ತದೆ. ಅಕ್ಷರ ಜೋಡಿಸುವ ಹಾರ್ಫ್‌ಬಝ್ ಎಂಬ ಲೈಬ್ರರಿ ಬಳಸುವ ವ್ಯವಸ್ಥೆ ಬೇಕು. ಯೂನಿಟಿ 6ರಲ್ಲಿ ಸ್ಕ್ರೀನ್ ಮೇಲಿನ ಬಟನ್, ಬರಹ ಕಟ್ಟುವ ಯುಐ ಟೂಲ್‌ಕಿಟ್‌ನಲ್ಲಿ ಅದನ್ನು ಬಳಸುವ ಅಡ್ವಾನ್ಸ್ಡ್ ಟೆಕ್ಸ್ಟ್ ಜನರೇಟರ್ ಆಯ್ಕೆ ಇದೆ. ಗೇಮ್ ತಯಾರಿಸುವ ಇನ್ನೊಂದು ತಂತ್ರಾಂಶ ಗೋಡೋ 4ರಲ್ಲಿ ಹಾರ್ಫ್‌ಬಝ್ ಮೊದಲಿನಿಂದಲೇ ಇದೆ. ಮೆನು ಬಟನ್‌ಗಳ ಬರಹವನ್ನು ಚಿತ್ರವಾಗಿ ಅಂಟಿಸಿ ತಪ್ಪಿಸಿಕೊಳ್ಳಬಹುದು, ಆದರೆ ಆಟಗಾರರು ಟೈಪ್ ಮಾಡುವ ಹೆಸರಿಗೆ ಆ ಉಪಾಯ ನಡೆಯದು. ಫಾಂಟ್‌ಗೆ ನೋಟೋ ಸ್ಯಾನ್ಸ್ ಕನ್ನಡ ಸಾಕು, ಬಿಡಿಗಾಸು ಖರ್ಚಿಲ್ಲ.

"ಸೂರ್ಯ", "ರಾಷ್ಟ್ರ", "ಲಕ್ಷ್ಮಿ" ಮೂರನ್ನೂ ಬರೆದು ನೋಡಿ. ಸಾಲಿನ ಎತ್ತರ ಅಕ್ಷರದ ಅಳತೆಯ 1.5 ಪಟ್ಟು ಇಡಿ. ಇಂಗ್ಲಿಷಿಗೆ ಹೊಂದಿಸಿದ ಪೆಟ್ಟಿಗೆಯಲ್ಲಿ "ಷ್ಟ್ರ"ದ ಬಾಲ ಕತ್ತರಿಸಿಹೋಗುತ್ತದೆ. ಅಂಕಪಟ್ಟಿಯಲ್ಲಿ ಹೆಸರು ಮೊಟಕು ಮಾಡುವಾಗಲೂ ಹುಷಾರು. ಯುನಿಕೋಡ್ ಲೆಕ್ಕದಲ್ಲಿ "ಲಕ್ಷ್ಮಿ"ಯಲ್ಲಿ ಏಳು ಸಂಕೇತಗಳಿವೆ. ಐದಕ್ಕೆ ಕತ್ತರಿಸಿದರೆ ಸ್ಕ್ರೀನ್ ಮೇಲೆ "ಲಕ್ಷ್" ಉಳಿಯುತ್ತದೆ. ಎಣಿಸಿ ಕತ್ತರಿಸಬೇಡಿ, ಬರೆದ ಮೇಲೆ ಅಗಲ ಅಳೆದು ಅಂಚನ್ನು ಮಸುಕಾಗಿಸಿ.

ಪ್ರಶ್ನೆ: ಕೆಂಪು ತಂಡ, ಹಸಿರು ತಂಡ ಅಂತ ಇಟ್ಟಿದ್ದೇವೆ. ಒಬ್ಬ ಹುಡುಗ ತನ್ನ ತಂಡದವರನ್ನೇ ಹೊಡೆಯುತ್ತಾನೆ.
— ಬೇಲೂರಿನ ಓದುಗರು

ಉತ್ತರ: ಆ ಹುಡುಗನನ್ನು ಬೈಯಬೇಡಿ. ಕೆಂಪು-ಹಸಿರು ಬೇರ್ಪಡಿಸಲು ಆಗದ ಕಣ್ಣು ಗಂಡಸರಲ್ಲಿ ಅಪರೂಪವೇನಲ್ಲ. ನೀಲಿ-ಕಿತ್ತಳೆ ಮಾಡಿ, ಒಂದು ತಂಡದ ತಲೆಯ ಮೇಲೆ ತ್ರಿಕೋನ, ಇನ್ನೊಂದಕ್ಕೆ ವೃತ್ತ ಇಡಿ. ಆಂಡ್ರಾಯ್ಡ್ ಡೆವಲಪರ್ ಆಯ್ಕೆಗಳಲ್ಲಿ "ಸಿಮ್ಯುಲೇಟ್ ಕಲರ್ ಸ್ಪೇಸ್" ಹಾಕಿದರೆ ಆ ಕಣ್ಣಿಗೆ ನಿಮ್ಮ ಆಟ ಹೇಗೆ ಕಾಣುತ್ತದೆಂದು ನೀವೇ ನೋಡಬಹುದು.

ಪ್ರಶ್ನೆ: ಐದೈದು ಜನರ ಶೂಟರ್ ಗೇಮ್. ಬಟನ್ ಎಷ್ಟು ದೊಡ್ಡದಿರಬೇಕು? ಕಡಿಮೆ ಬೆಲೆಯ ಫೋನಿನಲ್ಲಿ ತಡವರಿಸುತ್ತದೆ, ಸ್ಕ್ರೀನ್ ಮೇಲಿನ ಬರಹ ತೆಗೆದರೆ ಸರಿಹೋಗುತ್ತದೆ. ಯಾಕೆ?
— ಚಿಕ್ಕಮಗಳೂರಿನ ಓದುಗರು

ಉತ್ತರ: ಯಾವ ಬಟನ್ನೂ 48 ಡಿಪಿಗಿಂತ (ಎಲ್ಲ ಫೋನಿನಲ್ಲೂ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣುವ ಅಳತೆ) ಚಿಕ್ಕದಾಗದಿರಲಿ, ನಡುವೆ 8 ಡಿಪಿ ಜಾಗ ಬಿಡಿ. ಗುಂಡು ಹಾರಿಸುವ ಬಟನ್ 72 ಇರಲಿ. ಕಾಣುವ ಚಿತ್ರಕ್ಕಿಂತ ಬೆರಳು ಹಿಡಿಯುವ ಜಾಗ ಇನ್ನಷ್ಟು ಅಗಲವಿದ್ದರೆ ಒಳ್ಳೆಯದು. ಎಡಚರಿಗಾಗಿ ಬಟನ್‌ಗಳನ್ನು ಎಳೆದು ಜಾಗ ಬದಲಿಸಿ ಉಳಿಸಿಡುವ ಅವಕಾಶ ಕೊಡಿ. ಆಟ ಬಿಡುವ ಬಟನ್ ಹೆಬ್ಬೆರಳಿಗೆ ಎಟುಕದ ಮೇಲ್ಮೂಲೆಯಲ್ಲಿ, ಕ್ಯಾಮೆರಾ ತೂತಿಗೆ ಸಿಗದಂತೆ ಇರಲಿ.

ತಡವರಿಸಲು ಕಾರಣ ಕ್ಯಾನ್ವಾಸ್, ಅಂದರೆ ಸ್ಕ್ರೀನ್ ಮೇಲಿನ ಬರಹ, ಬಟನ್‌ಗಳನ್ನು ಕೂರಿಸುವ ಪದರ. ನೀವೂ ಯೂನಿಟಿಯಲ್ಲೇ ಮಾಡಿರುವುದಾದರೆ, ಒಂದೇ ಕ್ಯಾನ್ವಾಸಿನಲ್ಲಿ ಒಂದು ಅಂಕಿ ಬದಲಾದರೂ ಅದರ ಇಡೀ ಮೆಶ್ (ಚಿತ್ರಿಸಲು ಬೇಕಾದ ತ್ರಿಕೋನಗಳ ಜಾಲ) ಹೊಸದಾಗಿ ಕಟ್ಟಬೇಕಾಗುತ್ತದೆ. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬೇಕಿದ್ದರೆ ಒಂದೊಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್; ಅದರಲ್ಲಿ ದೊಡ್ಡ ಪಾಲನ್ನು ಇದೇ ನುಂಗಬಹುದು. ಅಲುಗದ ಚೌಕಟ್ಟುಗಳನ್ನು ಒಂದು ಕ್ಯಾನ್ವಾಸಿಗೆ, ಜೀವದ ಪಟ್ಟಿ, ಗುಂಡಿನ ಲೆಕ್ಕ, ಟೈಮರನ್ನು ಇನ್ನೊಂದಕ್ಕೆ ಹಾಕಿ. ಟೈಮರ್ ಬರಹ ಪ್ರತಿ ಫ್ರೇಮ್ ಬದಲು ಸೆಕೆಂಡಿಗೊಮ್ಮೆ ಬದಲಾಗಲಿ. ಒತ್ತಲಾಗದ ಚಿತ್ರಗಳಿಗೆಲ್ಲ ಬೆರಳು ತಾಗಿತೇ ಎಂದು ಪರೀಕ್ಷಿಸುವ ರೇಕಾಸ್ಟ್ ಟಾರ್ಗೆಟ್ ಟಿಕ್ ತೆಗೆಯಿರಿ. ಇಷ್ಟಾದ ಮೇಲೂ ತಡವರಿಸಿದರೆ ಯಾವುದಕ್ಕೆ ಎಷ್ಟು ಸಮಯ ಹೋಗುತ್ತದೆಂದು ತೋರಿಸುವ ಪ್ರೊಫೈಲರ್ ತೆರೆದು ಬೇರೆ ಕಾರಣ ಹುಡುಕಿ.