ಹಾಯಿನೌಕೆ ಮಗುಚದಿರುವುದು ಹೇಗೆ?

ಪ್ರಶ್ನೆ: ಪಟ ಕಟ್ಟಿದ ದೋಣಿಗಳು ಜೋರು ಗಾಳಿಗೆ ಮಗುಚಿದ ಸಂಗತಿಗಳನ್ನು ನಮ್ಮ ಅಜ್ಜ ಹೇಳುತ್ತಿದ್ದರು. ಈಗಿನ ಐಷಾರಾಮಿ ಹಾಯಿನೌಕೆಗಳಲ್ಲಿ ಹತ್ತಾರು ಮೀಟರ್ ಎತ್ತರದ ಕಂಬದ ಜೊತೆಗೆ ಮಲಗುವ ಕೋಣೆ, ಅಮೃತಶಿಲೆಯ ಸ್ನಾನಗೃಹಗಳೂ ಇರುತ್ತವಂತೆ. ಅವು ಮಗುಚುವುದಿಲ್ಲವೇಕೆ? ಅವುಗಳನ್ನೂ ನಮ್ಮೂರಿನ ಫೈಬರ್ ದೋಣಿಗಳಂತೆಯೇ ಕಟ್ಟುತ್ತಾರೆಯೇ?
– ಓದುಗರು, ಕುಂಬಳೆ

ಉತ್ತರ: ಗಾಳಿ ಹಾಯಿಯನ್ನು ಒತ್ತಿದಾಗ ನೌಕೆ ಒಂದು ಮಗ್ಗುಲಿಗೆ ವಾಲುತ್ತದೆ. ವಾಲಿದಂತೆ ಆ ಮಗ್ಗುಲಿನ ಒಡಲು ಹೆಚ್ಚು ಮುಳುಗುವುದರಿಂದ ನೀರು ನೌಕೆಯನ್ನು ಮೇಲಕ್ಕೆತ್ತುವ ಬಿಂದುವೂ ಅತ್ತ ಸರಿಯುತ್ತದೆ. ಅದೇ ವೇಳೆಗೆ ನೌಕೆಯ ತೂಕದ ಕೇಂದ್ರ ಸಾಕಷ್ಟು ಕೆಳಗಿದ್ದರೆ, ಮೇಲೆತ್ತುವ ಬಲ ಮತ್ತು ಕೆಳಗೆಳೆಯುವ ಬಲ ಎರಡೂ ಕೂಡಿ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತವೆ. ಹಿಂದೆ ಸರಕಿಲ್ಲದೆ ಹೊರಡುವ ಹಾಯಿಹಡಗುಗಳು ತಳದಲ್ಲಿ ಕಲ್ಲು, ಮರಳು ತುಂಬಿಕೊಳ್ಳುತ್ತಿದ್ದುದೂ ಇದಕ್ಕಾಗಿಯೇ. ಇಂದಿನ ನೌಕೆಯಲ್ಲಿ ತಳದಿಂದ ಮೀನಿನ ರೆಕ್ಕೆಯಂತೆ ಕೆಳಗಿಳಿಯುವ ಕೀಲ್ ಎಂಬ ಭಾಗವಿದ್ದು, ಅದರ ತುದಿಗೆ, ನೀರಿಗಿಂತ ಸುಮಾರು 11 ಪಟ್ಟು ಸಾಂದ್ರವಾದ ಸೀಸದ ಗುಂಡನ್ನು ಕೂರಿಸುತ್ತಾರೆ. ಸಾಗರಯಾನದ ಅನೇಕ ನೌಕೆಗಳಲ್ಲಿ ಒಟ್ಟು ತೂಕದ ಮೂರನೇ ಒಂದು ಭಾಗದಷ್ಟು ಭಾರ ಅಲ್ಲಿಯೇ ಇರುತ್ತದೆ. ಗಾಳಿಯ ಹೊಡೆತಕ್ಕೆ ನೌಕೆ ಅಡ್ಡಕ್ಕೆ ಜಾರದಂತೆ ತಡೆಯುವುದೂ ಕೀಲ್‌ನ ಕೆಲಸವೇ. ನೌಕೆ ಗಾಳಿಗೆದುರಾಗಿ ಸುಮಾರು 45 ಡಿಗ್ರಿ ಓರೆಯಲ್ಲಿ ಸಾಗಬಲ್ಲದ್ದು ಅದರಿಂದಾಗಿ.

ಆದರೆ ಕೀಲ್ ಆಳಕ್ಕಿಳಿದಷ್ಟೂ ಬಂದರು ಸೇರುವುದು ಕಷ್ಟ. ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಮರಳಿನ ದಿಬ್ಬಗಳನ್ನು ನೋಡಿಕೊಂಡು ದೋಣಿ ದಾಟಿಸುವ ಮೊಗವೀರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2003ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದ, 75 ಮೀಟರ್ ಉದ್ದದ 'ಮಿರಬೆಲ್ಲಾ 5' ನೌಕೆಗೆ ಒಂದೇ ಕಂಬ. ಅದರ ಎತ್ತರ ಸುಮಾರು 88 ಮೀಟರ್, ಎಂದರೆ ನಮ್ಮ ತೋಟದ ನಾಲ್ಕು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು. ಅದರ ಸುಮಾರು 150 ಟನ್ ತೂಕದ ಕೀಲ್ ಕಡಲಿನಲ್ಲಿ 10 ಮೀಟರ್ ಆಳಕ್ಕಿಳಿಯುತ್ತದೆ. ಬಂದರಿನ ಹತ್ತಿರ ಅದನ್ನು ಮೇಲಕ್ಕೆಳೆದುಕೊಂಡರೆ ನೌಕೆಗೆ 4 ಮೀಟರ್ ನೀರು ಸಾಕಾಗುತ್ತದೆ. ಐಷಾರಾಮಿ ನೌಕೆಗಳಲ್ಲಿ ನನ್ನನ್ನು ಬೆರಗುಗೊಳಿಸುವುದು ಒಳಗಿನ ಸೋಫಾಗಳಿಗಿಂತ ಈ ಏರ್ಪಾಡು.

ಮೇಲಿನ ತೂಕವೆಲ್ಲ ಈ ಸಮತೋಲಕ್ಕೆ ಹೊರೆಯಾದ್ದರಿಂದ ಅಲ್ಲಿ ಪ್ರತಿ ಕಿಲೋಗೂ ಲೆಕ್ಕವಿದೆ. ಕಂಬವನ್ನು ಹಗುರವಾದ ಕಾರ್ಬನ್ ನಾರಿನಿಂದ ಮಾಡುತ್ತಾರೆ. ನೀವು ಕೇಳಿದ ಅಮೃತಶಿಲೆಯೂ ಸಾಮಾನ್ಯವಾಗಿ ಇಡೀ ಚಪ್ಪಡಿಯಲ್ಲ. ಜೇನುಗೂಡಿನಂಥ ಟೊಳ್ಳು ಹಲಗೆಗೆ ಅಂಟಿಸಿದ, ಕೆಲವೇ ಮಿಲಿಮೀಟರ್ ದಪ್ಪದ ಪದರ.

ಇನ್ನು ಕಟ್ಟುವ ಕ್ರಮ. ಬಹಳ ದೊಡ್ಡ ನೌಕೆಗಳ ಒಡಲು ಹೆಚ್ಚಾಗಿ ಉಕ್ಕು ಅಥವಾ ಅಲ್ಯೂಮಿನಿಯಂನದು. ಉಳಿದವು ನಮ್ಮ ಫೈಬರ್ ದೋಣಿಗಳಿಗೆ ನೆಂಟರೇ. ನಮ್ಮಲ್ಲಿ ಅಚ್ಚಿನೊಳಗೆ ಗಾಜಿನ ನಾರಿನ ಹಾಸನ್ನಿಟ್ಟು, ಬ್ರಷ್ಷು ಅಥವಾ ರೋಲರಿನಿಂದ ರಾಳ ಬಳಿಯುತ್ತಾರೆ. ಎಷ್ಟೇ ಎಚ್ಚರ ವಹಿಸಿದರೂ ಅಲ್ಲಲ್ಲಿ ಗಾಳಿಗುಳ್ಳೆ ಉಳಿಯುತ್ತದೆ, ರಾಳವೂ ಹೆಚ್ಚು ಕೂರುತ್ತದೆ. ನೌಕೆ ಕಟ್ಟುವವರು ಎರಡು ನಾರಿನ ಪದರಗಳ ನಡುವೆ ಹಗುರವಾದ ಗಟ್ಟಿ ನೊರೆಯ ಹಲಗೆಯನ್ನಿಟ್ಟು, ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ, ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿ ತೆಗೆದಾಗ, ರಾಳ ತಾನಾಗಿಯೇ ನಾರಿನೊಳಕ್ಕೆ ಹರಿದು ಅಗತ್ಯವಿದ್ದಷ್ಟೇ ನಿಲ್ಲುತ್ತದೆ. ಪದರಗಳ ನಡುವಿನ ಅಂತರ ಹೆಚ್ಚಿದಂತೆ ಗೋಡೆ ಬಾಗದೆ ನಿಲ್ಲುವ ಶಕ್ತಿಯೂ ಬಹಳ ಹೆಚ್ಚುತ್ತದೆ, ತೂಕ ಮಾತ್ರ ಅಷ್ಟು ಏರುವುದಿಲ್ಲ.

ಪ್ರಶ್ನೆ: ನಾನು ಪ್ಲಸ್ ಟು ವಿದ್ಯಾರ್ಥಿನಿ. ನೌಕೆಗಳ ವಿನ್ಯಾಸವನ್ನು ಹತ್ತಿರದಲ್ಲಿ ಎಲ್ಲಿ ಕಲಿಯಬಹುದು? ಭಾರತದಲ್ಲಿ ಇಂಥ ಹಾಯಿನೌಕೆ ಕಟ್ಟಿದ್ದಾರೆಯೇ?
– ಓದುಗರು, ಮಂಜೇಶ್ವರ

ಉತ್ತರ: ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ನೌಕಾ ವಿನ್ಯಾಸ ಮತ್ತು ಹಡಗು ನಿರ್ಮಾಣದ ಬಿ.ಟೆಕ್ ಇದೆ, ಗಣಿತ, ಭೌತಶಾಸ್ತ್ರಗಳನ್ನು ಗಟ್ಟಿ ಮಾಡಿಕೊಳ್ಳಿ. ಭಾರತೀಯ ನೌಕಾಪಡೆಯ 'ಮಾದೇಯಿ' ಗೋವಾದಲ್ಲಿಯೇ ಸಿದ್ಧವಾದದ್ದು: ಮರದ ತಿರುಳಿಗೆ ಗಾಜಿನ ನಾರಿನ ಹೊದಿಕೆ, 56 ಅಡಿ ಉದ್ದ. ಅದು ವಿಲಾಸದ ನೌಕೆಯಲ್ಲದಿದ್ದರೂ ವಿನ್ಯಾಸದ ಮೂಲತತ್ತ್ವ ಒಂದೇ. ಅದರಲ್ಲಿ ದಿಲೀಪ್ ದೋಂಡೆ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿದರು. 2012–13ರಲ್ಲಿ ಅಭಿಲಾಷ್ ಟೋಮಿ ಎಲ್ಲಿಯೂ ನಿಲ್ಲದೆ ಸುತ್ತಿದರು. ಅದೇ ಮಾದರಿಯಲ್ಲಿ ಗೋವಾದಲ್ಲಿಯೇ ಕಟ್ಟಿದ 'ತಾರಿಣಿ'ಯಲ್ಲಿ 2017–18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ಪ್ರಪಂಚ ಸುತ್ತಿ ಬಂದರು. ರಜೆಯಲ್ಲಿ ಸಾಧ್ಯವಾದರೆ ಕೋಝಿಕ್ಕೋಡಿನ ಹತ್ತಿರದ ಬೇಪೂರಿಗೂ ಹೋಗಿ ಬನ್ನಿ. ಮರದ ಉರು ಹಡಗುಗಳನ್ನು ಕಾಗದದ ನಕ್ಷೆಯಿಲ್ಲದೆ ಕಟ್ಟಿಕೊಂಡು ಬಂದ ಮೇಸ್ತ್ರಿಗಳ ಊರು ಅದು. ಒಡಲಿನ ತಿರುವನ್ನು ಹೇಗೆ ನಿರ್ಧರಿಸುತ್ತೀರೆಂದು ಅವರನ್ನೇ ಕೇಳಿ.