ಉಂಡ ಎಲೆಗಳ ಲೆಕ್ಕ

ನಾನು ಆಪ್ತಸಲಹೆಗಾರ. ಸಣ್ಣ ಮದುವೆಯ ಜಗಳ ಹೊತ್ತು ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ ಮೊಬೈಲಿನಲ್ಲಿ ಎಕ್ಸೆಲ್ ಶೀಟು ತೆರೆದುಕೊಂಡೇ ಕೂರುತ್ತಾರೆ. ಮುಂಬಯಿ ಹತ್ತಿರದ ಡೊಂಬಿವಲಿಯ ಈ ಹುಡುಗಿಯೂ ಹಾಗೇ ಕೂತಳು. ಇಂಥ ಪ್ರಕರಣ ಪದೇ ಪದೇ ಬರುತ್ತಿದೆ. ಇದರಲ್ಲಿ ನಾನು ಕೊಟ್ಟ ಸಲಹೆಯ ಬಗ್ಗೆ ಸಹೋದ್ಯೋಗಿಗಳ ತಕರಾರೂ ಇದೆ. ಹಾಗಾಗಿ ಬರೆದಿಡುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ; ಊರು, ಉದ್ಯೋಗ, ವಯಸ್ಸು ಬದಲಿಸಿದ್ದೇನೆ, ಮೊತ್ತಗಳನ್ನು ದುಂಡು ಮಾಡಿದ್ದೇನೆ.

ವಿಜಯಪುರ ಕಡೆಯ ಮನೆತನ. ತಂದೆ ಮುಂಬಯಿಗೆ ಬಂದು 34 ವರ್ಷ, ಕಾರ್ಖಾನೆಯ ನೌಕರಿ, ನಿವೃತ್ತಿಗೆ ಇನ್ನು ಎರಡು ವರ್ಷ. ಮಗಳು ಐರೋಲಿಯ ಕಂಪನಿಯೊಂದರಲ್ಲಿ. ಹುಡುಗ ಠಾಣೆಯವನು, ಆ ಕಡೆಯಿಂದ ಕೊಡು-ಕೊಳ್ಳುವ ಮಾತಿಲ್ಲ. ಮಗಳ ಪಟ್ಟಿಯಲ್ಲಿ 90 ಜನ, ತಂದೆಯ ಬಾಯಲ್ಲಿ 380. ಮೂರು ವಾರದಿಂದ ಅಪ್ಪ-ಮಗಳ ನಡುವೆ ಮಾತಿಲ್ಲ. ಏನಿದ್ದರೂ ತಾಯಿಯ ಮೂಲಕ.

ಶೀಟು ಅಚ್ಚುಕಟ್ಟಾಗಿತ್ತು, ಆದರೆ ತಪ್ಪಿತ್ತು. ಪ್ಲೇಟಿಗೆ 550 ರೂಪಾಯಿ, 90 ಜನಕ್ಕೆ 49,500 ಎಂದು ಬರೆದಿದ್ದಳು. ಅವಳು ಮುಂಗಡ ಕೊಡಲು ಹೊರಟಿದ್ದ ಹಾಲ್‌ನ ಕೊಟೇಶನ್ನಿನ ಎರಡನೇ ಪುಟದಲ್ಲಿ ಕನಿಷ್ಠ 200 ಪ್ಲೇಟಿನ ಷರತ್ತು ಇತ್ತು. ಎಂದರೆ 90 ಜನ ಉಂಡರೂ ಕೊಡಬೇಕಾದದ್ದು 1,10,000. ತಲೆಗೆ 1,200 ದಾಟುತ್ತದೆ. ಸಣ್ಣ ಮದುವೆ ದುಬಾರಿಯಾಗುವುದು ಬಹುತೇಕ ಇಲ್ಲೇ. ಜನ ಕಡಿಮೆ ಮಾಡುತ್ತೇವೆ, ಹಾಲ್ ಮಾತ್ರ ದೊಡ್ಡ ಮದುವೆಯದ್ದೇ ಹಿಡಿಯುತ್ತೇವೆ. ದರ ಕೇಳುವ ಮುಂಚೆ ನಾಲ್ಕು ಮಾತು ಕೇಳಿ ಬರೆಸಿಕೊಳ್ಳಬೇಕು: ಕನಿಷ್ಠ ಪ್ಲೇಟು ಎಷ್ಟು, ಡೆಕೊರೇಟರ್ ಮತ್ತು ಕೇಟರರ್ ಹೊರಗಿನವರಾದರೆ ಹಾಲ್‌ನವರಿಗೆ ಕೊಡಬೇಕಾದ ರಾಯಲ್ಟಿ ಎಷ್ಟು, ವಿದ್ಯುತ್ತು ಮೀಟರಿನಂತೆಯೋ ಬಾಡಿಗೆಯಲ್ಲೇ ಸೇರಿದೆಯೋ, ಹೇಳಿದ ಮೊತ್ತದಲ್ಲಿ ಜಿಎಸ್‌ಟಿ ಇದೆಯೋ ಇಲ್ಲವೋ. ಹಾಲ್ ಬಿಟ್ಟುಕೊಡುವ ಹೊತ್ತು ಮೀರಿದರೆ ಗಂಟೆಗೆಷ್ಟು ಎಂಬುದನ್ನೂ. ಸಂಘ-ಸಂಸ್ಥೆಗಳ ಸಭಾಗೃಹ, ದೇವಸ್ಥಾನದ ಮಹಡಿಯ ಹಾಲ್ ನೋಡಲು ಸಾದಾ ಇರುತ್ತವೆ, ಆದರೆ ಕನಿಷ್ಠ ಪ್ಲೇಟಿನ ಷರತ್ತಿಲ್ಲದೆ ಸಿಗುವ ಸಾಧ್ಯತೆ ಅಲ್ಲೇ ಹೆಚ್ಚು.

ಖರ್ಚಿನ ಇನ್ನೊಂದು ತೂತು ಶೀಟಿನಲ್ಲಿ ಬರೆದೇ ಇರಲಿಲ್ಲ. ತಂದೆಯನ್ನು ಸಮಾಧಾನ ಮಾಡಲೆಂದು ಊರಲ್ಲಿ 'ಸಣ್ಣದೊಂದು' ಆರತಕ್ಷತೆ, ಠಾಣೆಯಲ್ಲಿ ಹುಡುಗನ ಕಡೆಯ 'ಸಣ್ಣದೊಂದು' ರಿಸೆಪ್ಶನ್. ಮೂರು ಸಣ್ಣವು ಸೇರಿದರೆ 540 ಎಲೆ, ಮೂರು ಸಲ ಮಂಟಪ, ಮೂರು ಸಲ ಫೋಟೊದವರು, ಮೂರು ಸೀರೆ. ತಂದೆಯ ಒಂದು ದೊಡ್ಡ ಮದುವೆಯೇ ಇದಕ್ಕಿಂತ ಅಗ್ಗ.

ಎರಡನೇ ಭೇಟಿಗೆ ತಂದೆಯೂ ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಕೂತು ಹತ್ತು ನಿಮಿಷ ಮಗಳೇ ಮಾತಾಡಿದಳು: ಹಾಲ್, ಪ್ಲೇಟು, ಉಳಿತಾಯ. ತಂದೆ ಬ್ಯಾಂಕಿನವರ ಹತ್ತಿರ 6 ಲಕ್ಷದ ವೈಯಕ್ತಿಕ ಸಾಲ ಕೇಳಿ ಬಂದಿದ್ದಾರೆಂಬುದೂ ಅಲ್ಲೇ ಹೊರಬಿತ್ತು. ಶೇಕಡಾ 14ರ ಬಡ್ಡಿ, ಐದು ವರ್ಷ. ಕಾಗದದ ಮೇಲೆ ಹಾಕಿ ತೋರಿಸಿದೆ: ತಿಂಗಳಿಗೆ ಸುಮಾರು 13,960, ಒಟ್ಟು ಕಟ್ಟುವುದು 8,37,000ದ ಮೇಲೆ, ಬಡ್ಡಿಯೇ 2,37,000 ದಾಟುತ್ತದೆ; ಅದರಲ್ಲಿ ಮೂರು ವರ್ಷದ ಕಂತು ನಿವೃತ್ತಿಯ ನಂತರ. ಅವರು ಕಾಗದ ನೋಡಲಿಲ್ಲ. ಮಗಳ ಮೊಬೈಲನ್ನೇ ನೋಡುತ್ತ ಅಂದರು:

"ಮೂವತ್ನಾಕ ವರ್ಷ ನಾ ಉಂಡ ಎಲಿಗೋಳ ಲೆಕ್ಕ ನಿನ್ನ ಈ ಶೀಟ್‌ನ್ಯಾಗ ಎಲ್ಲಿ ಐತಿ?"

ಚೀಲದಿಂದ ಒಂದು ವಹಿ ತೆಗೆದು ಮೇಜಿನ ಮೇಲಿಟ್ಟರು. ಆಯೇರಿ ವಹಿ, ದಕ್ಷಿಣದ ಕಡೆ ಮುಯ್ಯಿ ಪುಸ್ತಕ ಅನ್ನುತ್ತಾರಲ್ಲ, ಅದು. ನೀಲಿ ರೆಕ್ಸಿನ್ ರಟ್ಟು, ಅಂಚು ಸವೆದು ದಾರ ಕಾಣುತ್ತಿತ್ತು. ಬಂದದ್ದು ಎಡಪುಟಕ್ಕೆ, ಕೊಟ್ಟದ್ದು ಬಲಪುಟಕ್ಕೆ. ಎಡಪುಟಗಳು ಬಹುತೇಕ ಖಾಲಿ: ಮಗಳ ತೊಟ್ಟಿಲು, ಮನೆಯ ವಾಸ್ತುಶಾಂತಿ, ಅಷ್ಟೇ. ಬಲಪುಟಗಳು ತುಂಬಿದ್ದವು. ಹೆಸರು, ಸ್ಟೇಶನ್ನು, ಮೊತ್ತ. ಕೊನೆಯಲ್ಲಿ ಎಲ್ಲ ಸಾಲಿಗೂ ಒಂದು ಪುಟ್ಟ ಅಂಕಿ. "ಕಲ್ಯಾಣ, ಮಗನ ಲಗ್ನ, 51, ಎಲಿ 3." ಅಂದು ಮನೆಯಿಂದ ಎಷ್ಟು ಮಂದಿ ಹೋಗಿ ಉಂಡರು ಎಂಬುದು. ಕೊಟ್ಟ 51ರ ಪಕ್ಕದಲ್ಲೇ ಉಂಡ ಮೂರು ಎಲೆಯನ್ನು ಅವರು ತಮ್ಮ ಮೇಲಿನ ಸಾಲವೆಂದೇ ಬರೆದುಕೊಂಡಿದ್ದರು.

ಮಗಳು ಆ ವಹಿಯನ್ನು ಕಪಾಟಿನಲ್ಲಿ ನೋಡಿದ್ದಳಂತೆ, ತೆರೆದಿರಲಿಲ್ಲ. ಅವಳೇ ಎಣಿಸಿದಳು, 212 ಮನೆ. ಆಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಇವರಲ್ಲಿ ಈಗ ಯಾರು ಯಾರು ಇದ್ದಾರೆ? ಪೆನ್ಸಿಲ್ ಕೊಟ್ಟೆ. ಅವಳು ಓದುತ್ತ ಹೋದಳು, ಅವರು ಹೇಳುತ್ತ ಹೋದರು. "ತೀರಿಕೊಂಡ್ರು." "ಊರಿಗೆ ಹ್ವಾದ್ರು." "ಇದ್ದಾರ, ಅಂಬರನಾಥ." ಮುಕ್ಕಾಲು ಗಂಟೆ ಹಿಡಿಯಿತು. 31 ಮನೆಯ ಹಿರಿಯರು ತೀರಿಕೊಂಡಿದ್ದರು, ಮಕ್ಕಳ ಸಂಪರ್ಕವಿಲ್ಲ. 57 ಮನೆ ಊರು ಸೇರಿದ್ದವು. ಮುಂಬಯಿಯಲ್ಲಿ ಉಳಿದದ್ದು 124, ಅದರಲ್ಲಿ ಹತ್ತು ವರ್ಷದೊಳಗೆ ಹೋಗಿ-ಬರುವುದು ಇದ್ದದ್ದು 46. ತೀರಿಕೊಂಡವರ ಹೆಸರಿಗೆ ಗೆರೆ ಎಳೆಯಲು ತಂದೆ ಬಿಡಲಿಲ್ಲ; ಪಕ್ಕದಲ್ಲಿ ಸಣ್ಣ ಚುಕ್ಕೆ ಇಡಿಸಿದರು. 380 ಎನ್ನುವ ಅಂಕಿ ಎಲ್ಲಿಂದ ಬಂತೆಂದು ಆ ಹೊತ್ತಿಗೆ ಮೂವರಿಗೂ ಗೊತ್ತಾಗಿತ್ತು. ಅದರಲ್ಲಿ ಬಹಳಷ್ಟು ಎಲೆಗೆ ಕೂರುವವರೇ ಇರಲಿಲ್ಲ.

ಸಲಹೆ ಅಲ್ಲಿಂದ ಸರಾಗವಾಯಿತು. 46 ಮನೆಗೆ ಎರಡೆರಡು ಎಲೆ, 92. ಹುಡುಗನ ಕಡೆ 40, ಇಬ್ಬರ ಗೆಳೆಯರು 18. ಒಟ್ಟು 150, ಒಂದೇ ಊಟ, ಊರಲ್ಲೂ ಠಾಣೆಯಲ್ಲೂ ಬೇರೆ ಸಮಾರಂಭವಿಲ್ಲ. ಊರಿನ 57 ಮನೆಗೆ ತಂದೆಯೇ ಫೋನ್ ಮಾಡುವುದು. ವಾಟ್ಸಾಪ್ ಫಾರ್ವರ್ಡ್ ಕೂಡದು. ಮುಂಬಯಿಯಲ್ಲೇ ಇದ್ದು ಊಟಕ್ಕೆ ಕರೆಯದ 78 ಮನೆಗೆ ಮದುವೆಯ ನಂತರ ದಂಪತಿಯೇ ಹೋಗಿ ಆರಾರು ಬೇಸನ್ ಉಂಡೆ ಕೊಟ್ಟು ನಮಸ್ಕರಿಸಿ ಬರುವುದು. ಒಂದು ಕಿಲೊ ಕಡಲೆಹಿಟ್ಟು, ಒಂದು ಕಿಲೊ ಸಕ್ಕರೆ, 600 ಗ್ರಾಂ ತುಪ್ಪಕ್ಕೆ 45 ಗ್ರಾಮಿನ ಸುಮಾರು 55 ಉಂಡೆ ಕಟ್ಟಬಹುದು. 78 ಮನೆಗೆ 468 ಉಂಡೆ, ಎಂದರೆ ಈ ಅಳತೆಯ ಒಂಬತ್ತು ಪಾಕ. ಮನೆಯಲ್ಲೇ ಕಟ್ಟಿದರೆ ಐದು ಸಾವಿರದ ಆಚೆ-ಈಚೆ. ಅದೇ 78 ಮನೆಗೆ ಎರಡೆರಡು ಪ್ಲೇಟಾದರೆ 85,800. ಒಮ್ಮೆಲೇ ಕಟ್ಟಿಡಬಾರದು, ಮಳೆಗಾಲದಲ್ಲಿ ತುಪ್ಪ ಕಮಟುತ್ತದೆ. ಒಂದು ಸಲಕ್ಕೆ ಮೂರು ಮೂರು ಪಾಕ. ಭಾನುವಾರಕ್ಕೆ ಆರೇಳು ಮನೆ, ಲೋಕಲ್ ರೈಲಿನ ಒಂದೇ ಲೈನಿನವು. ಕಲ್ಯಾಣ-ಉಲ್ಹಾಸನಗರ ಒಂದು ವಾರ, ಮುಲುಂಡ-ಭಾಂಡುಪ್ ಇನ್ನೊಂದು ವಾರ. ಭಾನುವಾರ ಮೆಗಾಬ್ಲಾಕ್ (ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವುದು) ಇರುವ ಲೈನು ನೋಡಿಕೊಂಡು.

ಆಪ್ತಸಲಹೆಗಾರರು ಉಂಡೆಯ ಪಾಕ ಹೇಳುವುದೇ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಇನ್ನೊಬ್ಬರ ಆಕ್ಷೇಪ ಗಂಭೀರದ್ದು: ತಂದೆಯ ಅಂತಸ್ತಿನ ಹಟಕ್ಕೆ ನಾನು ಮಣಿದೆ, ಹುಡುಗಿಯ 90ನ್ನು 150 ಮಾಡಿದೆ, ಹನ್ನೆರಡು ಭಾನುವಾರ ಅವಳ ತಲೆಗೆ ಕಟ್ಟಿದೆ. ಭಾನುವಾರಗಳ ಮಾತು ನಿಜ. ಅದಕ್ಕೇ ಅವಳನ್ನು ಬೇರೆಯಾಗಿ ಕೂರಿಸಿ ಕೇಳಿದೆ, ಹುಡುಗನನ್ನೂ ಕೇಳಿದೆ, ಒಪ್ಪಿದ ಮೇಲೆಯೇ ಬರೆದದ್ದು. ಅಂತಸ್ತಿನ ಮಾತನ್ನು ಒಪ್ಪಲಾರೆ. ಮೆರೆಯುವ ಮನುಷ್ಯ ಕೊಟ್ಟ 51ನ್ನು ಬರೆಯುತ್ತಾನೆ, ಉಂಡ ಎಲೆ ಬರೆಯುವುದಿಲ್ಲ. ಹೊರಗಿಂದ ಬಂದು ಈ ಊರಲ್ಲಿ ಕಾಲೂರಿದವರು ನಂಟು ಹಿಡಿದದ್ದೇ ಒಬ್ಬರ ಪಂಕ್ತಿಯಲ್ಲಿ ಇನ್ನೊಬ್ಬರು ಕೂತು. ಅದನ್ನು ದುಂದು ಎಂದು ಕರೆದ ಗಳಿಗೆಯಿಂದ ಆ ಮನೆಯಲ್ಲಿ ಮಾತು ನಿಂತಿತ್ತು. ಹಾಗಂತ ಸಾಲ ಮಾಡಿ ತೀರಿಸುವ ಋಣವೂ ಅದಲ್ಲ. ಸಾಲದ ವಿಷಯದಲ್ಲಿ ನಾನು ಸಲಹೆಗಾರರ ತಟಸ್ಥತೆಯನ್ನು ಬಿಟ್ಟೇ ಮಾತಾಡಿದೆ: ನಿವೃತ್ತಿ ದಾಟುವ ಕಂತಿನ ಮೇಲೆ ಮದುವೆ ಬೇಡ ಎಂದೆ. ಈಗಲೂ ಅದನ್ನೇ ಹೇಳುತ್ತೇನೆ.

ಉಳಿದ ಉಳಿತಾಯ ಚಿಕ್ಕ ಚಿಕ್ಕದು, ಆದರೆ ನಮ್ಮ ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಮರಾಠಿ ಮನೆಗಳಲ್ಲಿ ಬಹುತೇಕರು ಆಷಾಢ ಏಕಾದಶಿಯಿಂದ ತುಳಸಿ ಲಗ್ನದವರೆಗೆ, ಚಾತುರ್ಮಾಸದಲ್ಲಿ, ಮದುವೆ ಇಡುವುದಿಲ್ಲ. ನಮ್ಮಲ್ಲಿ ಆಷಾಢ ಮುಗಿದು ಶ್ರಾವಣ ಬಂದರೆ ಮುಹೂರ್ತ ಸಿಗುತ್ತದೆ. ಆಗ ಹಾಲ್‌ಗಳು ಖಾಲಿ, ದರದ ಮಾತಿಗೆ ಜಾಗ ಇರುತ್ತದೆ. ವಾರದ ನಡುವಿನ ದಿನವಾದರೆ ಇನ್ನೂ. ಅಪಾಯ ಮಳೆಯದು. ಕುರ್ಲಾ-ಸಾಯನ್ ನಡುವೆ ಹಳಿಯ ಮೇಲೆ ನೀರು ನಿಂತರೆ ಅರ್ಧ ಬಳಗ ಗಾಡಿಯಲ್ಲೇ. ಅದಕ್ಕೆ ಸ್ಟೇಶನ್ನಿನಿಂದ ನಡೆದು ಹೋಗುವ ಹಾಲ್, ಹೆಚ್ಚು ಜನ ಯಾವ ಲೈನಿನವರೋ ಆ ಲೈನಿನಲ್ಲಿ. ಇವರು ಡೊಂಬಿವಲಿಯಲ್ಲೇ ಹಿಡಿದರು. ದಾದರ್ ಹೂವಿನ ಮಾರುಕಟ್ಟೆಗೆ ನಸುಕಿನಲ್ಲಿ ಹೋದರೆ ಹೂವು ಅಗ್ಗವೇನೋ ಸರಿ, ಆದರೆ ಶ್ರಾವಣ ಸೋಮವಾರ, ಗಣೇಶ ಚೌತಿಯ ಹತ್ತಿರದ ದಿನ ಹಿಡಿದರೆ ಆ ಉಳಿತಾಯ ಅಲ್ಲೇ ಕರಗುತ್ತದೆ.

ಊಟದಲ್ಲಿ ಪದಾರ್ಥ ಕಡಿಮೆ ಮಾಡಿ, ಬಡಿಸುವವರನ್ನು ಕಡಿಮೆ ಮಾಡಬೇಡಿ. ಮೂರು ಸಿಹಿ ಇಟ್ಟರೆ ಎರಡನೆಯದು ಎಲೆಯಲ್ಲೇ ಉಳಿಯುತ್ತದೆ. ಒಂದೇ ಹೋಳಿಗೆ, ತಲೆಗೆ ಎರಡು ಹಿಡಿದು 300. ಬಡಿಸುವವರು ಸಾಲದೆ ಪಂಕ್ತಿ ತಡವಾದರೆ ಹಾಲ್‌ನ ಹೊತ್ತು ಮೀರುತ್ತದೆ, ಉಳಿಸಿದ್ದು ಓವರ್‌ಟೈಮಿಗೆ ಹೋಗುತ್ತದೆ. ಐವತ್ತು ಐವತ್ತರ ಮೂರು ಪಂಕ್ತಿ, ಪಂಕ್ತಿಗೆ ಮುಕ್ಕಾಲು ಗಂಟೆ ಹಿಡಿಯಿರಿ. ಬಿಲ್ಲಿನ ಜಗಳ ಎಲೆಯ ಎಣಿಕೆಯಲ್ಲಿ ಬರುತ್ತದೆ: ಬೆಳಗ್ಗೆ ಕಟ್ಟಿನಲ್ಲಿ ಬಂದ ಎಲೆ ಎಷ್ಟು, ಕೊನೆಗೆ ಉಳಿದದ್ದೆಷ್ಟು ಎಂದು ಮನೆಯವರೊಬ್ಬರು ಕೇಟರರ್ ಎದುರೇ ಎಣಿಸಿ ಸಹಿ ಹಾಕಿಸಬೇಕು. ಪುರೋಹಿತರು, ವಾಲಗದವರು, ಫೋಟೊದವರು, ಡ್ರೈವರುಗಳ ಊಟ ಅದರಲ್ಲಿ ಸೇರಿದೆಯೋ ಎಂಬುದು ಮೊದಲೇ ತೀರ್ಮಾನವಾಗಲಿ.

ಲಗ್ನಪತ್ರಿಕೆ ಬೇಡ, ವಾಟ್ಸಾಪ್ ಸಾಕು ಎನ್ನುವವರಿಗೂ ಒಂದು ಮಾತು. ಮಹಾರಾಷ್ಟ್ರದ 1998ರ ಕಾಯ್ದೆಯಂತೆ ಮದುವೆಯಾದ 90 ದಿನದೊಳಗೆ ನೋಂದಣಿ ಆಗಬೇಕು. ಮೂವರು ಸಾಕ್ಷಿಗಳು, ಪುರೋಹಿತರ ಸಹಿ ಬೇಕು. ಕಚೇರಿಯಲ್ಲಿ ಸಾಮಾನ್ಯವಾಗಿ ಲಗ್ನಪತ್ರಿಕೆಯನ್ನೂ ಕೇಳುತ್ತಾರೆ, ಇಲ್ಲದಿದ್ದರೆ ಅಫಿಡವಿಟ್ಟಿನ ಓಡಾಟ. ಹಿರಿಯರಿಗೆ ಕೈಯಲ್ಲಿ ಕೊಡಲೂ ಆಗುತ್ತದೆ, 50 ಪ್ರತಿ ಮಾಡಿಸಿ.

ಈ ಪ್ರಕರಣದಲ್ಲಿ ನನ್ನ ತಪ್ಪೂ ಒಂದಿದೆ. ವಹಿ ವಿಂಗಡಿಸುವಾಗ ಕೋಣೆಯಲ್ಲಿ ತಾಯಿ ಇರಲಿಲ್ಲ. ಅಪ್ಪ-ಮಗಳ ಜಗಳ ಎಂದುಕೊಂಡು ನಾನೇ ಅವರನ್ನು ಕರೆದಿರಲಿಲ್ಲ. ಸೊಲ್ಲಾಪುರದ ಸೋದರತ್ತೆಯ ಮನೆ ಫೋನ್ ಮಾಡುವ ಪಟ್ಟಿಗೆ ಹೋಯಿತು. ಮಗಳು ಹುಟ್ಟಿದಾಗ ಬಂದು ಮೂರು ತಿಂಗಳು ಬಾಣಂತನ ಮಾಡಿದವರು ಅವರು, ಪ್ರತಿ ಪಂಚಮಿಗೆ ರವಿಕೆಯ ಖಣ ಕಳಿಸಿದವರು. ವಹಿಯಲ್ಲಿ ಅದು ಯಾವ ಪುಟದಲ್ಲೂ ಇರಲಿಲ್ಲ. ಉಡಿ ತುಂಬಿದ್ದು, ಖಣ ಕೊಟ್ಟದ್ದು, ಬಾಣಂತನ, ಇವನ್ನು ಗಂಡಸರ ವಹಿ ಬರೆದುಕೊಳ್ಳುವುದೇ ಇಲ್ಲ. ಈಗ ಇಂಥ ಮನೆ ಬಂದರೆ ತಾಯಿ ಬಾರದೆ ಪಟ್ಟಿ ಮುಟ್ಟುವುದಿಲ್ಲ.

ಮದುವೆ ಶ್ರಾವಣದ ಒಂದು ಗುರುವಾರ ಮುಗಿಯಿತು, ಸಾಲವಿಲ್ಲದೆ. ಎಲೆ 156 ಆಯಿತು. ಸೋದರತ್ತೆ ಇನ್ನೂ ಫೋನ್ ಎತ್ತುತ್ತಿಲ್ಲ. ದೀಪಾವಳಿಗೆ ಸೊಲ್ಲಾಪುರಕ್ಕೆ ಮೂರು ಟಿಕೆಟ್ ತೆಗೆಸಿದ್ದಾರೆ, ಮಗಳು, ಅಳಿಯ, ತಾಯಿ.