ಆಪ್ತಸಲಹೆ ಪ್ರಕರಣ: ಆರು ದಿನದ ಹಲ್ಲು

ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿಬಿಡಬೇಕೆಂದು ಕಟ್ಟುನಿಟ್ಟಿನ ಮಿತವ್ಯಯಕ್ಕೆ ಇಳಿದ ದಂಪತಿಗಳು ನನ್ನ ಬಳಿ ಬರುವುದು ಹೊಸತಲ್ಲ. ಆದರೆ ಬಂದಾಗ ಅವರು ಸಾಲದ ಮಾತನ್ನೇ ಎತ್ತುವುದಿಲ್ಲ. ಮನೆಯಲ್ಲಿ ಮಾತು ಕಡಿಮೆಯಾಗಿದೆ, ಸಣ್ಣದಕ್ಕೂ ಸಿಡುಕು, ರಾತ್ರಿ ನಿದ್ದೆಯಿಲ್ಲ ಎಂದು ಆರಂಭಿಸುತ್ತಾರೆ. ಒಂದೇ ಬಗೆಯ ಕಥೆಯನ್ನು ಮತ್ತೆ ಮತ್ತೆ ಕೇಳಿದ್ದರಿಂದಲೂ, ಅವುಗಳಲ್ಲಿ ಒಂದು ನನ್ನನ್ನು ಬಹಳ ಕಾಲ ಕಾಡಿದ್ದರಿಂದಲೂ, ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಸಾಲದ ಲೆಕ್ಕವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ. ಅದಿಲ್ಲದೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಇಬ್ಬರೂ ದುಡಿಯುವವರು. ಶೇ 8ರ ಬಡ್ಡಿಗೆ 20 ವರ್ಷ ಅವಧಿಯ ಸಾಲ ಪಡೆದು ಮನೆ ಕೊಂಡಿದ್ದರು. ಹೆಂಡತಿಯ ಬಾಲ್ಯ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವುದರಲ್ಲೇ ಕಳೆದಿತ್ತು. ಮೊದಲ ಕಂತು ಕಟ್ಟಿದ ಮೇಲೆ ಲೆಕ್ಕಪಟ್ಟಿ ನೋಡಿದ ಆಕೆಗೆ, ಕಂತಿನ ಶೇ 80ರಷ್ಟು ಬಡ್ಡಿಗೇ ಹೋಗಿ ಅಸಲಿಗೆ ಸಂದದ್ದು ಐದರಲ್ಲಿ ಒಂದು ಪಾಲು ಮಾತ್ರ ಎಂಬುದು ತಿಳಿದು ಗಾಬರಿಯಾಯಿತು. ಬರೀ ಕಂತನ್ನೇ ಕಟ್ಟುತ್ತಾ ಹೋದರೆ ಅಸಲು ಅರ್ಧಕ್ಕೆ ಇಳಿಯಲು 13 ವರ್ಷ 8 ತಿಂಗಳು ಬೇಕಿತ್ತು. ಅವಧಿ ಮುಗಿಯುವಷ್ಟರಲ್ಲಿ ಕಟ್ಟುವ ಬಡ್ಡಿ, ಪಡೆದ ಸಾಲದಷ್ಟೇ ಆಗುತ್ತಿತ್ತು. ಪ್ರತಿ ತಿಂಗಳೂ ಕಂತಿನ ಜೊತೆಗೆ ಅಷ್ಟೇ ಮೊತ್ತವನ್ನು ಅಸಲಿಗೆ ಜಮಾ ಮಾಡಿದರೆ ಸಾಲ 6 ವರ್ಷ 5 ತಿಂಗಳಲ್ಲಿ ತೀರುತ್ತದೆಂದು ಆಕೆ ಲೆಕ್ಕ ಹಾಕಿದರು. ಗಂಡ ಮನಸಾರೆ ಒಪ್ಪಿದರು. ಮನೆಯ ಅಡುಗೆ, ಬರೆದಿಟ್ಟುಕೊಂಡು ಮಾಡುವ ವಾರದ ಖರೀದಿ, ಹೊಲಿದು ಮತ್ತೆ ತೊಡುವ ಬಟ್ಟೆ, ಕೆಟ್ಟರೆ ರಿಪೇರಿ ಮಾಡಿಸಿ ಬಳಸುವ ಯಂತ್ರ, ಗ್ರಂಥಾಲಯದ ಪುಸ್ತಕ: ಹೀಗೆ 4 ವರ್ಷ ನಡೆಯಿತು.

ಇಲ್ಲಿಯವರೆಗೆ ನನಗೆ ಆಕ್ಷೇಪಿಸಲು ಏನೂ ಇಲ್ಲ. ನಾನು ಕೈಬಿಗಿಯ ಮನೆಯಲ್ಲೇ ಬೆಳೆದವಳು. ಮಿತವ್ಯಯವನ್ನು ಜಿಪುಣತನವೆಂದು ಹೀಗಳೆಯುವವರ ಜೊತೆ ಇಂದಿಗೂ ವಾದಕ್ಕಿಳಿಯುತ್ತೇನೆ. ನನ್ನ ಈ ಒಲವು ಓದುಗರಿಗೆ ಮೊದಲೇ ತಿಳಿದಿರಲಿ.

ಕಷ್ಟ ಶುರುವಾದದ್ದು ಒಂದು ಸಣ್ಣ ಜಾಣತನದಿಂದ. ಯಾವುದೇ ಖರ್ಚು ಎದುರಾದರೂ ಅದರಿಂದ ಸಾಲ ತೀರುವುದು ಎಷ್ಟು ದಿನ ತಡವಾಗುತ್ತದೆ ಎಂಬುದನ್ನು ಹೆಂಡತಿ ಲೆಕ್ಕ ಹಾಕಿ ಹೇಳುತ್ತಿದ್ದರು. ಹೊಸ ಚಪ್ಪಲಿ ಅರ್ಧ ದಿನ, ನೆಂಟರ ಮನೆಯ ಸಮಾರಂಭಕ್ಕೆ ಪ್ರಯಾಣ ನಾಲ್ಕು ದಿನ. ಮೊದಮೊದಲು ಇಬ್ಬರಿಗೂ ಅದು ಆಟವಾಗಿತ್ತು. ಆಕೆ ಒಮ್ಮೆಯೂ ಬೈದವರಲ್ಲ, ಬೇಡವೆಂದವರೂ ಅಲ್ಲ. ದಿನಗಳನ್ನು ಹೇಳಿ ಸುಮ್ಮನಾಗುತ್ತಿದ್ದರು. ಮೂರನೆಯ ಭೇಟಿಯವರೆಗೂ ಈ ರೂಢಿಯ ತೂಕ ನನಗೆ ತಿಳಿದಿರಲಿಲ್ಲ. ದಂಪತಿಯ ನಡುವಿನ ಮೌನಕ್ಕೆ ನಾನು ಬೇರೆಲ್ಲೋ ಕಾರಣ ಹುಡುಕುತ್ತಿದ್ದೆ.

ಮೂರನೆಯ ಭೇಟಿಯಲ್ಲಿ ಗಂಡ ಮಾತಿನ ನಡುವೆ ಎಡಗೆನ್ನೆಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದುದನ್ನು ಗಮನಿಸಿ, ಹಲ್ಲುನೋವೇ ಎಂದು ಕೇಳಿದೆ.

"ಎಂಟು ತಿಂಗಳಿಂದ ಇದೆ, ಮೇಡಂ. ವೈದ್ಯರನ್ನು ಕೇಳಿದ್ದೇನೆ. ಆರು ದಿನವಾಗುತ್ತದೆ."

ಚಿಕಿತ್ಸೆಗೆ ಆರು ದಿನ ಬೇಕೆಂದು ನಾನು ಅರ್ಥ ಮಾಡಿಕೊಂಡು ತಲೆಯಾಡಿಸಿದೆ. ಹೆಂಡತಿಯ ಮುಖ ಮಾತ್ರ ಬಿಳಿಚಿಕೊಂಡಿತು.

"ಹಲ್ಲಿನ ವಿಷಯ ನೀವು ನನ್ನ ಹತ್ತಿರ ಹೇಳಲೇ ಇಲ್ಲವಲ್ಲ. ಅದಕ್ಕೆ ನಾನೆಲ್ಲಿ ಲೆಕ್ಕ ಹಾಕಿದೆ?"

"ನೀನು ಹಾಕುವ ಮೊದಲೇ ನಾನೇ ಹಾಕಿಕೊಂಡೆ" ಎಂದರು ಗಂಡ. ದನಿಯಲ್ಲಿ ಕೋಪವಿರಲಿಲ್ಲ, ಪಾಠ ಒಪ್ಪಿಸುವ ಹುಡುಗನ ಧಾಟಿಯಿತ್ತು.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಅಂದು ಉಳಿದ ಅವಧಿಯೆಲ್ಲ ಆ ಒಂದು ಮಾತಿನ ಸುತ್ತಲೇ ಕಳೆಯಿತು. ಗಂಡ ಹೇಳದೆ ನುಂಗಿಕೊಂಡ ಸಂಗತಿಗಳು ಒಂದೊಂದಾಗಿ ಹೊರಬಂದವು: ಗೆಳೆಯರ ಜೊತೆ ಹೋಗದ ಪ್ರವಾಸ, ಮಗಳು ಕೇಳಿದ್ದಕ್ಕೆ ತಾಯಿಯನ್ನು ಕೇಳುವ ಮೊದಲೇ ತಾವೇ ಬೇಡವೆಂದದ್ದು. ಹೆಂಡತಿ ಅಳಲಿಲ್ಲ, ಸಮರ್ಥಿಸಿಕೊಳ್ಳಲೂ ಇಲ್ಲ. "ಮನೆಯಲ್ಲಿ ಯಾರೂ ಏನೂ ಕೇಳುತ್ತಿಲ್ಲ, ಎಲ್ಲರಿಗೂ ಅರ್ಥವಾಗಿದೆ ಎಂದು ನಾನು ಸಂತೋಷಪಟ್ಟಿದ್ದೆ" ಎಂದಷ್ಟೇ ಹೇಳಿದರು. ಕೇಳುವುದನ್ನು ನಿಲ್ಲಿಸಿದವರನ್ನು ಒಪ್ಪಿಕೊಂಡವರೆಂದು ತಿಳಿಯುವ ತಪ್ಪು ಆಕೆಯೊಬ್ಬರದಲ್ಲ. ಮೊದಲೆರಡು ಭೇಟಿಗಳಲ್ಲಿ ಗಂಡನ ತಾಳ್ಮೆಯನ್ನು ಮೆಚ್ಚಿ ಟಿಪ್ಪಣಿ ಬರೆದುಕೊಂಡಿದ್ದ ನಾನೂ ಅದೇ ತಪ್ಪನ್ನು ಮಾಡಿದ್ದೆ.

ಮುಂದಿನ ಭೇಟಿಗೆ ಸಾಲದ ಪಟ್ಟಿಯನ್ನು ತರಲು ಹೇಳಿದೆ. ಆಪ್ತಸಲಹೆಗಾರರಿಗೇಕೆ ಬಡ್ಡಿಯ ಲೆಕ್ಕ, ಭಾವನೆಗಳ ಬಗ್ಗೆ ಮಾತಾಡಿದರೆ ಸಾಲದೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಟೀಕಿಸಿದ್ದಾರೆ. ಹೆಂಡತಿಗೆ ನಂಬಿಕೆಯಿದ್ದದ್ದು ಅಂಕಿಗಳ ಮೇಲೆ; ಅಂಕಿಗಳನ್ನು ಬಿಟ್ಟು ನಾನು ಏನೇ ಹೇಳಿದ್ದರೂ ಅದು ಆಕೆಗೆ ಉಪದೇಶವಾಗಿಯೇ ಕೇಳುತ್ತಿತ್ತು. ಹಾಗಾಗಿ ನಾನೇ ಲೆಕ್ಕ ಮಾಡಿ ತೋರಿಸದೆ, ಒಂದೇ ಒಂದು ಪ್ರಶ್ನೆ ಕೇಳಿದೆ: ಹೆಚ್ಚುವರಿಯಾಗಿ ಕಟ್ಟುತ್ತಿರುವ ಮೊತ್ತದಲ್ಲಿ ಕಾಲುಭಾಗವನ್ನು ಇಂದಿನಿಂದ ಬಿಟ್ಟರೆ ಏನಾಗುತ್ತದೆ?

ಆಕೆ ಅಲ್ಲೇ ಕುಳಿತು ಲೆಕ್ಕ ಮಾಡಿದರು. 4 ವರ್ಷದ ದುಡಿಮೆಯಿಂದ ಮೂಲ ಸಾಲದ ಶೇ 43ರಷ್ಟು ಮಾತ್ರ ಉಳಿದಿತ್ತು. ಅದೇ ವೇಗದಲ್ಲಿ ಹೋದರೆ ಇನ್ನು ಇಪ್ಪತ್ತೆಂಟೂವರೆ ತಿಂಗಳು. ಕಾಲುಭಾಗ ಸಡಿಲಿಸಿದರೆ 33 ತಿಂಗಳು. ತಡವಾಗುವುದು ನಾಲ್ಕೂವರೆ ತಿಂಗಳು, ಅದರಿಂದ ಹೆಚ್ಚಾಗುವ ಬಡ್ಡಿ ಒಂದು ಮಾಮೂಲಿ ಕಂತಿಗಿಂತಲೂ ಕಡಿಮೆ. ಆಕೆ ನಂಬದೆ ಮತ್ತೊಮ್ಮೆ ಮಾಡಿದರು.

ಇದರಲ್ಲಿ ಪವಾಡವೇನಿಲ್ಲ. ಬಡ್ಡಿ ಬೀಳುವುದು ಉಳಿದ ಅಸಲಿನ ಮೇಲೆ. ಆದ್ದರಿಂದ ಮೊದಲ ವರ್ಷ ಅಸಲಿಗೆ ಹಾಕಿದ 100 ಮುಂದಿನ ಎಲ್ಲ ವರ್ಷಗಳ ಬಡ್ಡಿಯನ್ನು ತಡೆಯುತ್ತದೆ. ಸಾಲ ತೀರಲು ಒಂದು ವರ್ಷವಿರುವಾಗ ಹಾಕಿದ 100 ತಡೆಯುವುದು ಸುಮಾರು 8 ಮಾತ್ರ. ಹೀಗಿದ್ದೂ, ನಾನು ಕಂಡ ಮನೆಗಳಲ್ಲೆಲ್ಲ ದಡ ಹತ್ತಿರವಾದಂತೆ ಬಿಗಿ ಹೆಚ್ಚುತ್ತಲೇ ಹೋಗುತ್ತದೆ. ಇನ್ನು ಸ್ವಲ್ಪವೇ ತಾನೇ ಎಂಬ ಮಾತು, ಫಲ ಅತ್ಯಂತ ಕಡಿಮೆಯಿರುವ ಹೊತ್ತಿನಲ್ಲಿ ಅತ್ಯಂತ ಹೆಚ್ಚಿನ ತ್ಯಾಗವನ್ನು ಕೇಳುತ್ತದೆ.

ನಾನು ಕೊಟ್ಟ ಸಲಹೆ ಮುಂಗಡ ಪಾವತಿಯನ್ನು ನಿಲ್ಲಿಸಿ ಎಂಬುದಲ್ಲ. ಆ ಕಾಲುಭಾಗದಲ್ಲಿ ಮೊದಲು, ಕೆಲವು ತಿಂಗಳ ಮನೆಖರ್ಚು ಮತ್ತು ಕಂತುಗಳಿಗೆ ಸಾಲುವಷ್ಟು ಆಪತ್ಕಾಲದ ಹಣವನ್ನು ಬೇರೆಯಾಗಿ ಕೂಡಿಡಲು ಹೇಳಿದೆ. ಇಷ್ಟು ಶಿಸ್ತಿನ ಮನೆಯಲ್ಲಿ ಅದೊಂದು ಇರಲೇ ಇಲ್ಲ. ಕೈಗೆ ಬಂದದ್ದೆಲ್ಲ ಅಸಲಿಗೆ ಹೋಗಿತ್ತು. ಅಸಲಿಗೆ ಹಾಕಿದ ಹಣ ಬಹುತೇಕ ಸಾಲಗಳಲ್ಲಿ ಬೇಕೆಂದಾಗ ಮರಳಿ ಸಿಗುವುದಿಲ್ಲ, ಮತ್ತು ಇಷ್ಟು ವರ್ಷ ಎರಡರಷ್ಟು ಕಟ್ಟಿದ್ದೀರೆಂದು ಕೆಲಸ ಹೋದ ತಿಂಗಳು ಯಾರೂ ಕಂತು ಮನ್ನಾ ಮಾಡುವುದಿಲ್ಲ. ದೇಹಕ್ಕೆ ಸಂಬಂಧಿಸಿದ ಖರ್ಚನ್ನು ಚರ್ಚೆಯಿಂದಲೇ ಹೊರಗಿಡಬೇಕೆಂದೆ. ಮಗಳೂ ಸೇರಿದಂತೆ ಪ್ರತಿಯೊಬ್ಬರಿಗೂ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಒಂದಿಷ್ಟು ಹಣ ಇರಲಿ ಎಂದೆ. ಖರ್ಚನ್ನು ದಿನಗಳಾಗಿ ಹೇಳುವ ರೂಢಿಯನ್ನು ಪೂರ್ತಿ ಬಿಡಬೇಕೆಂದೂ ಕೇಳಿದೆ. ಈ ಕೊನೆಯದಕ್ಕೆ ಹೆಂಡತಿ ತಕ್ಷಣ ಒಪ್ಪಲಿಲ್ಲ: "ಅದಿಲ್ಲದಿದ್ದರೆ ನನಗೆ ದಾರಿ ಕಾಣುವುದಿಲ್ಲ." ಆಕೆಯ ಬಾಲ್ಯವನ್ನು ತಿಳಿದ ಮೇಲೆ ಅದನ್ನು ಹಟವೆಂದು ನಾನು ಕರೆಯಲಾರೆ. ತಿಂಗಳಿಗೊಮ್ಮೆ ಇಬ್ಬರೂ ಪಟ್ಟಿಯ ಮುಂದೆ ಕೂರುವಾಗ ಮಾತ್ರ ದಿನಗಳನ್ನು ಎಣಿಸಬಹುದು, ಖರ್ಚಿನ ಮಾತು ಬಂದ ಗಳಿಗೆಯಲ್ಲಿ ಕೂಡದು ಎಂದು ಒಪ್ಪಂದವಾಯಿತು. ಗಂಡನಿಗೂ ಒಂದು ಮಾತು ಹೇಳಬೇಕಾಯಿತು: ಕೇಳಿ ಬೇಡವೆನಿಸಿಕೊಳ್ಳುವ ಅವಕಾಶವನ್ನು ಹೆಂಡತಿಗೆ ಕೊಡದೆ, ಬೇಡವೆಂದವಳು ಅವಳೇ ಎಂದು ಎಂಟು ತಿಂಗಳು ಮನಸ್ಸಿನಲ್ಲಿ ಇಟ್ಟುಕೊಂಡದ್ದು ನ್ಯಾಯವಲ್ಲ. ಅದು ಅವರಿಗೆ ಹಿಡಿಸಲಿಲ್ಲವೆಂಬುದು ಮುಖದಲ್ಲೇ ಕಂಡಿತು.

ಐದು ತಿಂಗಳ ನಂತರ ಬಂದಾಗ ಆಪತ್ಕಾಲದ ಹಣ ಬೆಳೆಯತೊಡಗಿತ್ತು, ಕಾಲುಭಾಗದ ಸಡಿಲಿಕೆ ಉಳಿದಿತ್ತು. ಹಲ್ಲು ಉಳಿದಿರಲಿಲ್ಲ, ಚಿಕಿತ್ಸೆ ತಡವಾಗಿ ಅದನ್ನು ಕೀಳಿಸಬೇಕಾಗಿ ಬಂದಿತ್ತು. ಆ ಜಾಗಕ್ಕೆ ಕೃತಕ ಹಲ್ಲು ಕೂರಿಸೋಣವೆಂದು ಹೆಂಡತಿ, ಸಾಲ ತೀರಿದ ಮೇಲೆ ನೋಡೋಣವೆಂದು ಗಂಡ. ಈಗ ಅವರ ಮನೆಯಲ್ಲಿ ಗಟ್ಟಿ ದನಿಯಲ್ಲಿ ನಡೆಯುತ್ತಿರುವ ಜಗಳ ಇದೇ. ಮುಂದಿನ ಭೇಟಿಯನ್ನು ಅದಕ್ಕೆಂದೇ ಗೊತ್ತುಮಾಡಿಕೊಂಡು ಹೋಗಿದ್ದಾರೆ.